ಎಣ್ಣೆ ಡಬ್ಬಿಯ ಹಿಂಬದಿಯ ಅಕ್ಷರಗಳು

ಕಾರಿನ ಎಂಜಿನ್ನಿನೊಳಗೆ ಪಿಸ್ಟನ್ ನಿಮಿಷಕ್ಕೆ ಸಾವಿರಾರು ಸಲ ಮೇಲೆ ಕೆಳಗೆ ಓಡಾಡುತ್ತದೆ. ಅದಕ್ಕೂ ಸಿಲಿಂಡರಿನ ಗೋಡೆಗೂ ನಡುವೆ ಇರುವುದು ಕೂದಲೆಳೆಗಿಂತ ತೆಳುವಾದ ಕೀಲೆಣ್ಣೆಯ ಪದರ. ಆ ಪದರ ಹರಿಯಿತೆಂದರೆ ಲೋಹಕ್ಕೆ ಲೋಹ ಉಜ್ಜಿ, ಎಂಜಿನ್ ಕಚ್ಚಿಕೊಂಡು ನಿಂತುಬಿಡುತ್ತದೆ. ಆದರೂ ಎಣ್ಣೆ ಕೊಳ್ಳುವಾಗ ಹೆಚ್ಚಿನವರು ನೋಡುವುದು ಡಬ್ಬಿಯ ಬಣ್ಣ, ಕಂಪನಿಯ ಹೆಸರು ಮತ್ತು ಬೆಲೆ. ಓದಬೇಕಾದದ್ದು ಡಬ್ಬಿಯ ಹಿಂಬದಿಯಲ್ಲಿ ಸಣ್ಣದಾಗಿ ಅಚ್ಚಾಗಿರುತ್ತದೆ.

ಅಲ್ಲಿ ಮೊದಲು ಸಿಗುವುದು 5ಡಬ್ಲ್ಯು-30 ಎಂಬಂಥ ಅಂಕೆ. ಇದು ಎಣ್ಣೆಯ ಸ್ನಿಗ್ಧತೆಯನ್ನು, ಅಂದರೆ ಹರಿಯಲು ಅದು ಒಡ್ಡುವ ತಡೆಯನ್ನು ಸೂಚಿಸುತ್ತದೆ. ಬಾಟಲಿಯಲ್ಲಿರುವ ಹರಳೆಣ್ಣೆ ಚಳಿಗಾಲದ ಬೆಳಗ್ಗೆ ಕೆಳಗಿಳಿಯಲು ಎಷ್ಟು ಸತಾಯಿಸುತ್ತದೆ, ಬಿಸಿ ಮಾಡಿದರೆ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದು ಮನೆಯಲ್ಲಿ ಎಲ್ಲರೂ ಕಂಡದ್ದೇ. (ಮೊದಲ ಮಹಾಯುದ್ಧದ ಕೆಲವು ವಿಮಾನಗಳ ಎಂಜಿನ್ನಿಗೆ ಹರಳೆಣ್ಣೆಯನ್ನೇ ಹಾಕುತ್ತಿದ್ದರು. ಕ್ಯಾಸ್ಟ್ರಾಲ್ ಎಂಬ ಹೆಸರು ಬಂದದ್ದೂ ಹರಳಿನ ಇಂಗ್ಲಿಷ್ ಹೆಸರಾದ ಕ್ಯಾಸ್ಟರ್‌ನಿಂದ.) ಡಬ್ಲ್ಯು ಎಂದರೆ ವಿಂಟರ್, ಚಳಿಗಾಲ. ಅದರ ಹಿಂದಿನ 5 ಉಷ್ಣತೆಯ ಡಿಗ್ರಿಯಲ್ಲ, ಬರೀ ದರ್ಜೆಯ ಸಂಖ್ಯೆ. ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯಲ್ಲೂ ಎಂಜಿನ್ ತಿರುಗಲು ಸಾಧ್ಯವಾಗುವಷ್ಟು ಈ ಎಣ್ಣೆ ತೆಳುವಾಗಿರಬೇಕು. ಕೊನೆಯ 30 ಕೂಡ ದರ್ಜೆಯೇ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಣ್ಣೆ ಎಷ್ಟು ಗಟ್ಟಿಯಾಗಿ ಉಳಿಯಬೇಕೆಂಬುದನ್ನು ಅದು ಹೇಳುತ್ತದೆ.

ಒಂದೇ ಎಣ್ಣೆಗೆ ಈ ಎರಡು ಗುಣಗಳೂ ಬರುವುದು ಅದರಲ್ಲಿ ಬೆರೆಸಿದ ಪಾಲಿಮರ್‌ಗಳಿಂದ. ತಣ್ಣಗಿದ್ದಾಗ ಈ ಉದ್ದನೆಯ ಅಣುಗಳು ಉಂಡೆಯಾಗಿ ಮುದುಡಿಕೊಂಡಿರುತ್ತವೆ. ಬಿಸಿಯಾದಂತೆ ಬಿಚ್ಚಿಕೊಂಡು, ಎಣ್ಣೆ ತೀರಾ ನೀರಾಗದಂತೆ ತಡೆಯುತ್ತವೆ. ‘ದಪ್ಪ ಎಣ್ಣೆ ಹಾಕಿದರೆ ಎಂಜಿನ್ನಿಗೆ ಒಳ್ಳೆಯದು ಸಾರ್’ ಎನ್ನುವ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ಹಳೆಯ ಎಂಜಿನ್ನುಗಳ ಅನುಭವದಿಂದ ಬಂದ ಮಾತದು. ಇಂದಿನ ಎಂಜಿನ್ನುಗಳಲ್ಲಿ ಬಿಡಿಭಾಗಗಳ ನಡುವಿನ ಸಂದು ಕಿರಿದು. 0ಡಬ್ಲ್ಯು-20 ಕೇಳುವ ಎಂಜಿನ್ನಿಗೆ 20ಡಬ್ಲ್ಯು-50 ಸುರಿದರೆ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ ಎಣ್ಣೆ ಮೇಲಿನ ಭಾಗಗಳಿಗೆ ತಡವಾಗಿ ತಲುಪುತ್ತದೆ. ಸವೆತ ಹೆಚ್ಚುವುದೇ ಆಗ.

ಅಂಕೆಗಿಂತ ಮುಖ್ಯವಾದವು ಅಕ್ಷರಗಳು. ಅಮೆರಿಕದಲ್ಲಿ 1919ರಲ್ಲಿ ಸ್ಥಾಪನೆಯಾದ ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಚುಟುಕಾಗಿ ಎಪಿಐ, ಎಣ್ಣೆಗಳಿಗೆ ದರ್ಜೆ ಕೊಡುತ್ತದೆ. ಅದರ ಮುದ್ರೆ ಥೇಟ್ ಉದ್ದಿನವಡೆ. ನಡುವಿನ ತೂತಿನಲ್ಲಿ ಸ್ನಿಗ್ಧತೆಯ ಅಂಕೆ, ಸುತ್ತಲಿನ ಮೇಲ್ಭಾಗದಲ್ಲಿ ದರ್ಜೆ. ದರ್ಜೆ ‘ಎಸ್’ ಎಂದು ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ‘ಸಿ’ ಎಂದು ಶುರುವಾದರೆ ಡೀಸೆಲ್ಲಿಗೆ. ಎರಡನೆಯ ಅಕ್ಷರ ವರ್ಣಮಾಲೆಯಲ್ಲಿ ಮುಂದೆ ಹೋದಷ್ಟೂ ಪೆಟ್ರೋಲ್ ಎಂಜಿನ್ನಿನ ಎಣ್ಣೆ ಹೊಸ ಕಾಲದ್ದು. 2010ರಲ್ಲಿ ಎಸ್‌ಎನ್, 2020ರಲ್ಲಿ ಎಸ್‌ಪಿ, 2025ರಲ್ಲಿ ಎಸ್‌ಕ್ಯೂ ಬಂದವು.

ಇದು ಬರೀ ಹೆಸರಿನ ಬದಲಾವಣೆಯಲ್ಲ. ಈಚಿನ ಸಣ್ಣ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಒಂದು ವಿಚಿತ್ರ ಕಾಯಿಲೆ ಕಾಣಿಸಿಕೊಂಡಿತು. ಕಡಿಮೆ ವೇಗದಲ್ಲಿ ಹೆಚ್ಚು ಭಾರ ಎಳೆಯುವಾಗ, ಕಿಡಿ ಹಾರುವ ಮೊದಲೇ ಇಂಧನ ಹೊತ್ತಿಕೊಂಡು ಪಿಸ್ಟನ್ನೇ ಸೀಳುವಂಥ ಹೊಡೆತ! ಎಣ್ಣೆಯಲ್ಲಿ ಕೊಳೆ ತೆಗೆಯಲು ಸೇರಿಸಿದ ಕ್ಯಾಲ್ಸಿಯಂ ಸಂಯುಕ್ತಗಳಿಗೂ ಇದರಲ್ಲಿ ಪಾಲಿದೆಯೆಂದು ತಿಳಿದುಬಂತು. ಎಸ್‌ಪಿ ದರ್ಜೆ ಪಡೆಯುವ ಎಣ್ಣೆ ಈ ಪರೀಕ್ಷೆಯನ್ನೂ ದಾಟಬೇಕು. ಹಳೆಯ ಕಾರಿಗೆ ಎಸ್‌ಪಿ ನಡೆಯುತ್ತದೆ, ಎಸ್‌ಪಿ ಕೇಳುವ ಕಾರಿಗೆ ಹಳೆಯ ದರ್ಜೆ ನಡೆಯುವುದಿಲ್ಲ.

ಅಮೆರಿಕಕ್ಕೆ ಓದಲು ಹೋದ ಮಕ್ಕಳು ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವುದು ಈಗ ಸಾಮಾನ್ಯ. ಅವರು ಎಚ್ಚರದಿಂದಿರಬೇಕಾದದ್ದು ಎಸ್‌ಎ ಎಂಬ ಅಗ್ಗದ ಎಣ್ಣೆಯ ಬಗ್ಗೆ. ಅದರಲ್ಲಿ ಯಾವ ರಕ್ಷಕ ರಾಸಾಯನಿಕವೂ ಇರುವುದಿಲ್ಲ. 1930ರ ನಂತರ ತಯಾರಾದ ಹೆಚ್ಚಿನ ಪೆಟ್ರೋಲ್ ಕಾರುಗಳಿಗೆ ಅದು ಸಲ್ಲದೆಂದು ಎಪಿಐಯೇ ಹೇಳಿದೆ. ಆದರೂ ಇಂಥ ಹಳೆಯ ದರ್ಜೆಗಳು ಅಂಗಡಿಯಲ್ಲಿ ಒಳ್ಳೆಯ ಎಣ್ಣೆಯ ಪಕ್ಕದಲ್ಲೇ ಕೂತು ಮಾರಾಟವಾದದ್ದುಂಟು.

ಇನ್ನೊಂದು ಸೂಕ್ಷ್ಮ. ‘ಎಸ್‌ಪಿ ಮಾನದಂಡಕ್ಕೆ ಸರಿಹೊಂದುತ್ತದೆ’ ಎಂದು ಅಚ್ಚು ಹಾಕಿಸುವುದು ತಯಾರಕನ ಸ್ವಂತ ಮಾತು. ಮುದ್ರೆ ಹಾಕಲು ಎಪಿಐಯಿಂದ ಲೈಸೆನ್ಸ್ ಬೇಕು. ಮುದ್ರೆಯಿರುವ ಎಣ್ಣೆಯನ್ನು ಅದು ಅಂಗಡಿಯಿಂದಲೇ ಕೊಂಡು ಪರೀಕ್ಷಿಸುತ್ತಲೂ ಇರುತ್ತದೆ. ಮುದ್ರೆಯಿಲ್ಲದ್ದೆಲ್ಲ ಕಳಪೆಯೆಂದಲ್ಲ, ಆದರೆ ಜಗಳ ಬಂದಾಗ ಮುದ್ರೆಗಿರುವ ತೂಕ ಬೇರೆ.

ಜಗಳ ಬರುವುದು ವಾರಂಟಿಯ ವಿಷಯದಲ್ಲಿ. ‘ನಮ್ಮ ಕಂಪನಿಯ ಎಣ್ಣೆಯನ್ನೇ ಹಾಕಬೇಕು, ಇಲ್ಲವಾದರೆ ವಾರಂಟಿ ಇಲ್ಲ’ ಎಂದು ಅಮೆರಿಕದ ಡೀಲರ್ ಹೆದರಿಸಿದರೆ ಹೆದರಬೇಕಾಗಿಲ್ಲ. ಮ್ಯಾಗ್ನುಸನ್-ಮಾಸ್ ಎಂಬ 1975ರ ಕಾನೂನಿನ ಪ್ರಕಾರ, ಪುಕ್ಕಟೆ ಕೊಡದ ಹೊರತು ಅಥವಾ ಸರ್ಕಾರದಿಂದ ವಿಶೇಷ ಅನುಮತಿ ಪಡೆಯದ ಹೊರತು, ತಯಾರಕರು ಇಂಥದೇ ಬ್ರಾಂಡ್ ಎಂದು ಷರತ್ತು ಹಾಕುವಂತಿಲ್ಲ. ಕೈಪಿಡಿಯಲ್ಲಿ ಹೇಳಿದ ಅಂಕೆ, ದರ್ಜೆ ಇರುವ ಎಣ್ಣೆಯನ್ನು ಹೇಳಿದ ಅವಧಿಗೆ ಬದಲಾಯಿಸಿರಬೇಕು, ಅಷ್ಟೆ. ಅದಕ್ಕೆ ಸಾಕ್ಷಿ ರಶೀದಿ: ಎಣ್ಣೆಯ ಹೆಸರು, ದರ್ಜೆ, ತಾರೀಕು, ಅಂದಿನ ಓಡೊಮೀಟರ್ ಅಂಕಿ ಅದರಲ್ಲಿರಬೇಕು. ಮನೆಯಲ್ಲೇ ಎಣ್ಣೆ ಬದಲಾಯಿಸುವವರು ಡಬ್ಬಿ ಕೊಂಡ ಬಿಲ್ಲನ್ನೂ ಒಂದು ನೋಟುಬುಕ್ಕನ್ನೂ ಇಟ್ಟುಕೊಂಡರೆ ಆಯಿತು.

ಭಾರತದಲ್ಲಿ ವಾರಂಟಿ ಪುಸ್ತಕದ ಷರತ್ತುಗಳನ್ನೇ ಓದಬೇಕು. ನಿಗದಿತ ಸರ್ವಿಸನ್ನು ಅಧಿಕೃತ ವರ್ಕ್‌ಶಾಪಿನಲ್ಲೇ ಮಾಡಿಸಬೇಕೆಂದು ಅಲ್ಲಿ ಸಾಮಾನ್ಯವಾಗಿ ಇರುತ್ತದೆ. ನಡುವೆ ಎಣ್ಣೆ ಇಳಿದು ಒಂದು ಲೀಟರ್ ಸೇರಿಸಬೇಕಾಗಿ ಬಂದಾಗ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಲ್ಲೂ ಹುಡುಕಬೇಕಾದದ್ದು ಅದೇ ಅಂಕೆ, ಅದೇ ಅಕ್ಷರ. 2020ರ ಏಪ್ರಿಲ್‌ನಿಂದ ಬಿಎಸ್-6 ಬಂದ ಮೇಲೆ, ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಡೀಸೆಲ್ ಕಾರುಗಳಿಗೆ ಬೂದಿ ಕಡಿಮೆ ಉಳಿಸುವ ಎಣ್ಣೆ ಬೇಕು. ಹಳೆಯ ಡೀಸೆಲ್ ಎಣ್ಣೆ ಸುರಿದರೆ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ.

ಕಾಲೇಜು ಹುಡುಗರಿಗೆ ಹೇಳಬೇಕಾದದ್ದು ಬೈಕಿನ ಎಣ್ಣೆಯ ಬಗ್ಗೆ. ಅಪ್ಪನ ಕಾರಿಗೆ ಹಾಕಿ ಉಳಿದ ಎಣ್ಣೆಯನ್ನು ಬೈಕಿಗೆ ಸುರಿಯಬಾರದು. ಹೆಚ್ಚಿನ ಬೈಕುಗಳಲ್ಲಿ ಕ್ಲಚ್ ಕೂಡ ಎಂಜಿನ್ನಿನ ಎಣ್ಣೆಯಲ್ಲೇ ಮುಳುಗಿರುತ್ತದೆ. ಕಾರಿನ ಕೆಲವು ಎಣ್ಣೆಗಳಲ್ಲಿ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕಗಳಿದ್ದು, ಅವು ಕ್ಲಚ್ ಪ್ಲೇಟುಗಳನ್ನೂ ಜಾರಿಸುತ್ತವೆ. ಎಂಜಿನ್ ಕೂಗುತ್ತದೆ, ಬೈಕು ಮುಂದೆ ಹೋಗುವುದಿಲ್ಲ. ಅದಕ್ಕಾಗಿಯೇ ಜಪಾನಿನ ‘ಜಾಸೊ ಎಂಎ’ ಅಥವಾ ‘ಎಂಎ2’ ಗುರುತು ಬೈಕಿನ ಎಣ್ಣೆ ಡಬ್ಬಿಯ ಮೇಲಿರುತ್ತದೆ.