ಹಸಿರು ಹೊದಿಸಿದರೆ ಋಣ ತೀರದು



ಬಿನ್ನಿಪೇಟೆಗೆ ಹೆಸರು ತಂದ ಗಿರಣಿ ಮುಚ್ಚಿತು. ಆ ನೆಲದಲ್ಲಿ ಇಂದು ಬಹುಮಹಡಿ ವಸತಿಗಳು ನಿಂತಿವೆ. ಬೆಲೆಯುಳ್ಳ ನೆಲಕ್ಕೆ ವಾರಸುದಾರರು ತಾವಾಗಿಯೇ ಬರುತ್ತಾರೆ. ಆದರೆ ಇಲ್ಲಿಂದ ಸುಮಾರು 100 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿದಾಗ ಬಿಟ್ಟುಹೋದ ಸೈನೈಡ್ ದಿಬ್ಬಗಳಿಗೆ ವಾರಸುದಾರರು ಯಾರು?

ಅಂತಹ ದಿಬ್ಬಗಳು 13. ಅವುಗಳಲ್ಲಿರುವ ತ್ಯಾಜ್ಯ ಅಂದಾಜು 3.3 ಕೋಟಿ ಟನ್. ಅದಿರನ್ನು ಹಿಟ್ಟಿನಂತೆ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದು, ಉಳಿದುದನ್ನು ಊರ ಮಗ್ಗುಲಲ್ಲೇ ರಾಶಿ ಹಾಕಲಾಯಿತು. ಸೈನೈಡು ಬಿಸಿಲು ಗಾಳಿಗೆ ಕಾಲಕ್ರಮೇಣ ಬಹುಮಟ್ಟಿಗೆ ವಿಘಟನೆಗೊಳ್ಳುತ್ತದೆ, ಆರ್ಸೆನಿಕ್ ವಿಘಟನೆಗೊಳ್ಳುವುದಿಲ್ಲ. ಬೇಸಿಗೆಯ ಗಾಳಿಗೆ ಏಳುವ ಧೂಳು ಮನೆಯೊಳಗೆ ಬರುತ್ತದೆ, ಮಳೆಗೆ ಕೊಚ್ಚಿದ ಮರಳು ಹೊಲ ಕೆರೆಗಳನ್ನು ಸೇರುತ್ತದೆ.

ಇದಕ್ಕೆ ಮದ್ದೆಂದು ಸಸಿಗಳತ್ತ ಬೆರಳು ತೋರಿಸುವವರಿದ್ದಾರೆ. ಅವರ ಮಾತು ಅರ್ಧ ಸತ್ಯ. ಸಸ್ಯಗಳು ಎರಡು ಬೇರೆಬೇರೆ ಕೆಲಸ ಮಾಡಬಲ್ಲವು: ವಿಷವನ್ನು ಇದ್ದಲ್ಲಿಯೇ ಹಿಡಿದಿಡುವುದು, ಹೀರಿ ಹೊರತೆಗೆಯುವುದು. ಮೂರು ಮೀಟರ್‌ವರೆಗೂ ಬೇರಿಳಿಸುವ ಲಾವಂಚ ಮೊದಲನೆಯದಕ್ಕೆ ಹೆಸರಾದದ್ದು. ಎರಡನೆಯದಕ್ಕೆ ಪ್ಟೆರಿಸ್ ವಿಟಾಟ ಎಂಬ ಜರೀಗಿಡವಿದೆ. ಅದು ಆರ್ಸೆನಿಕನ್ನು ಎಲೆಗಳಲ್ಲಿ ಕೂಡಿಡುತ್ತದೆಂದು ಅಮೆರಿಕದ ಫ್ಲಾರಿಡಾದ ವಿಜ್ಞಾನಿಗಳು ಪ್ರಕಟಿಸಿದ್ದು ನಮ್ಮ ಗಣಿ ಮುಚ್ಚಿದ ವರ್ಷದಲ್ಲೇ. ಆದರೆ ತೇವ ಬಯಸುವ ಆ ಗಿಡಕ್ಕೆ ಕೋಲಾರದ ಒಣನೆಲ ಸುಲಭವಲ್ಲ. ಗುಡ್ಡದಷ್ಟು ಎತ್ತರದ ರಾಶಿಯಲ್ಲಿ ಬೇರು ಮುಟ್ಟುವುದು ಮೇಲಿನ ಪದರವನ್ನು ಮಾತ್ರ. ವಿಷ ತುಂಬಿದ ಎಲೆಯನ್ನು ದನಕ್ಕೆ ಹಾಕುವಂತಿಲ್ಲ, ಒಲೆಗೆ ಇಡುವಂತಿಲ್ಲ. ಅದನ್ನು ಕೊಯ್ದು ಸುರಕ್ಷಿತವಾಗಿ ವಿಲೇವಾರಿ ಮಾಡಲೇಬೇಕು. ಆದುದರಿಂದ ಈ ದಿಬ್ಬಗಳ ಮೇಲೆ ಸಸ್ಯ ಮಾಡಬಲ್ಲ ಪ್ರಾಮಾಣಿಕ ಕೆಲಸ ಧೂಳನ್ನು ಹಿಡಿದಿಡುವುದು. ಅದು ಸಣ್ಣ ಕೆಲಸವಲ್ಲ. ಆದರೆ ಅದನ್ನೇ ಶುದ್ಧೀಕರಣವೆಂದು ಕರೆಯುವುದು ಸುಳ್ಳು; ಒಂದು ದಿನ ಸಸಿ ನೆಟ್ಟು, ಛಾಯಾಚಿತ್ರ ತೆಗೆಸಿಕೊಂಡು, ನೀರುಣಿಸದೆ ಹೋಗುವುದು ಇನ್ನೂ ದೊಡ್ಡ ಸುಳ್ಳು.

ಇನ್ನೊಂದು ವಾದವಿದೆ: ದಿಬ್ಬಗಳಲ್ಲಿ ಇನ್ನೂ ಚಿನ್ನವಿದೆ, ಅದನ್ನು ತೆಗೆಯುವಾಗ ಎಲ್ಲವೂ ಸರಿಹೋಗುತ್ತದೆ, ಈಗಲೇ ಗಿಡವೇಕೆ? ಈ 13 ದಿಬ್ಬಗಳಲ್ಲಿ ಮರುಗಣಿಗಾರಿಕೆ ನಡೆಸುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ನೀಡಿದ್ದೂ ನಿಜ. ಆದರೆ ಚಿನ್ನ ತೆಗೆದ ಮೇಲೂ ಮರಳು ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಒಂದು ರಾಶಿ ಕರಗಿ ಇನ್ನೊಂದು ರಾಶಿ ಏಳುತ್ತದೆ. ಚಿನ್ನ ಒಯ್ಯುವವರು ಮರಳಿನ ಹೊಣೆಯನ್ನು ಹೊರದಿದ್ದರೆ ಹಳೆಯ ಅನ್ಯಾಯವೇ ಎರಡನೆಯ ಬಾರಿ ನಡೆದಂತಾಗುವುದಿಲ್ಲವೇ?

ಹಾಗಾಗಿ ಕೇಳಬೇಕಾದದ್ದನ್ನು ಮೊದಲೇ ಕೇಳೋಣ. ಪುನಶ್ಚೇತನದ ಹಣ ಗುತ್ತಿಗೆಗೆ ಮುನ್ನವೇ ಠೇವಣಿಯಾಗಲಿ. ಮಣ್ಣು, ಸುಣ್ಣ, ಗೊಬ್ಬರ ಹಾಕಿ ನೆಲ ಹದಗೊಳಿಸಿದ ನಂತರವೇ ಗಿಡ ನೆಡಲಿ. ಕನಿಷ್ಠ ಹತ್ತು ವರ್ಷಗಳ ಆರೈಕೆಯೂ ನೀರು, ಧೂಳಿನ ಪರೀಕ್ಷೆಯೂ ಷರತ್ತಾಗಲಿ. ಪರೀಕ್ಷೆಯ ಫಲಿತಾಂಶ ಕನ್ನಡದಲ್ಲೂ ತಮಿಳಿನಲ್ಲೂ ಊರವರ ಕೈಗೆ ಸಿಗಲಿ.

ಗಣಿ ಮುಚ್ಚಿದ ಮೇಲೆ ದುಡಿಮೆಗಾಗಿ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಬಂದುಹೋಗುವವರು ಸಾವಿರಾರು. ಅವರು ಸಂಜೆ ಮರಳುವುದು ಆ ದಿಬ್ಬಗಳ ನೆರಳಿಗೇ. ಮತ ಕೇಳಲು ಬರುವವರಿಗೆ ಈ ಪ್ರಶ್ನೆಗಳನ್ನು ನೀವು ಇಲ್ಲಿಂದಲೇ ಕೇಳಬಹುದು, ಕೇಳಿರಿ.