ಕುದುರೆ ಒಗಟು ಬಿಡಿಸಿದರಷ್ಟೇ ಪ್ರೋಗ್ರಾಮರ್ ಆಗಬೇಕೇ?

ಸಾಫ್ಟ್‌ವೇರ್ ಕೆಲಸದ ಇಂಟರ್‌ವ್ಯೂನಲ್ಲಿ ಒಗಟು ಕೇಳಿ, ಉತ್ತರ ಬಾರದವರನ್ನು ವಾಪಸ್ ಕಳಿಸುವುದು ನ್ಯಾಯವಲ್ಲ ಅನ್ನುವುದು ನಮ್ಮ ಅಭಿಪ್ರಾಯ. ಯಾಕೆ ಅಂತ ಹೇಳುತ್ತೇವೆ.

ಹೆಬ್ಬಾಳದ ಪಕ್ಕದ ಕೆಂಪಾಪುರದಲ್ಲಿ ಬೀದಿ ಬೀದಿಗೂ ಪಿಜಿಗಳಿವೆ. ಹತ್ತಿರದಲ್ಲೇ ನಾಗವಾರದ ಮಾನ್ಯತಾ ಟೆಕ್ ಪಾರ್ಕ್. ಊರಲ್ಲಿ ಸಾಲ ಮಾಡಿ ಇಂಜಿನಿಯರಿಂಗ್ ಓದಿಸಿದ ಮನೆಗಳ ಮಕ್ಕಳು ಇಂಥ ಪಿಜಿಗಳಲ್ಲಿ ಇದ್ದು ಕೆಲಸ ಹುಡುಕುತ್ತಾರೆ. ಅವರಿಗೆ ಎದುರಾಗುವ ಪ್ರಶ್ನೆ ಹೀಗಿರುತ್ತದೆ: 25 ಕುದುರೆಗಳಿವೆ, ಒಮ್ಮೆಗೆ 5 ಮಾತ್ರ ಓಡಬಹುದು, ಗಡಿಯಾರ ಇಲ್ಲ. ಅತಿ ವೇಗದ 3 ಕುದುರೆ ಕಂಡುಹಿಡಿಯಲು ಕನಿಷ್ಠ ಎಷ್ಟು ಓಟ ಬೇಕು? ಉತ್ತರ 7. ಮೊದಲೇ ಗೊತ್ತಿದ್ದವರು ಸ್ವಲ್ಪ ಯೋಚಿಸಿದ ಹಾಗೆ ಮಾಡಿ ಹೇಳಿಬಿಡುತ್ತಾರೆ. ಮೊದಲ ಸಲ ಕೇಳಿದವರು ಬೆವರುತ್ತಾರೆ. ಇಲ್ಲಿ ಅಳೆದದ್ದು ಬುದ್ಧಿಯನ್ನೋ, ನೆನಪನ್ನೋ?

ಇದು ಹೊಸದೇನಲ್ಲ. ಇನ್ಫೋಸಿಸ್‌ನ ಲಿಖಿತ ಪರೀಕ್ಷೆಗೆ ಒಂದು ಕಾಲದಲ್ಲಿ ಹುಡುಗರು ನಮ್ಮ ಬೆಂಗಳೂರಿನವರೇ ಆದ ಶಕುಂತಲಾ ದೇವಿಯವರ ಒಗಟಿನ ಪುಸ್ತಕಗಳನ್ನು ತಿರುವಿ ಹೋಗುತ್ತಿದ್ದರು. ಪುಸ್ತಕ ಸಿಕ್ಕವರಿಗೆ, ದಾರಿ ಹೇಳುವ ಸೀನಿಯರ್ ಇದ್ದವರಿಗೆ ಅನುಕೂಲ. ಈಗ ಪುಸ್ತಕದ ಜಾಗಕ್ಕೆ ಕೋಚಿಂಗ್ ಮತ್ತು ಯೂಟ್ಯೂಬ್ ಬಂದಿವೆ, ಅಷ್ಟೇ.

ಮೈಕ್ರೋಸಾಫ್ಟ್‌ನಿಂದ ಹೆಸರಾದ ಇನ್ನೊಂದು ಪ್ರಶ್ನೆ: ಮ್ಯಾನ್‌ಹೋಲ್ ಮುಚ್ಚಳ ಯಾಕೆ ದುಂಡಗಿರುತ್ತದೆ? ಹೇಗೆ ತಿರುಗಿಸಿದರೂ ಒಳಗೆ ಬೀಳುವುದಿಲ್ಲ ಅನ್ನುವುದು ಅವರು ಬಯಸುವ ಉತ್ತರ. ಒಳಚರಂಡಿಯೇ ಇಲ್ಲದ ಊರಿನಿಂದ ಬಂದವರಿಗೆ ಈ ಪ್ರಶ್ನೆ ಮೊದಲೇ ಒಂದು ಹೆಜ್ಜೆ ದೂರ. ನಮ್ಮ ಊರಿನವರಿಗೆ ಒಗಟು ಬರುವುದಿಲ್ಲ ಅಂತಲ್ಲ. ಹುಲಿ, ಮೇಕೆ, ಹುಲ್ಲಿನ ಹೊರೆಯನ್ನು ಒಂದೇ ದೋಣಿಯಲ್ಲಿ ದಾಟಿಸುವ ಲೆಕ್ಕವನ್ನು ಎಷ್ಟೋ ಮಕ್ಕಳು ಜಗಲಿಯಲ್ಲೇ ಬಿಡಿಸಿದ್ದಾರೆ. ಆದರೆ ಅದನ್ನೇ ಇಂಗ್ಲಿಷಿನಲ್ಲಿ, ಐದು ನಿಮಿಷದಲ್ಲಿ, ಅಪರಿಚಿತರ ಮುಂದೆ ಬಿಡಿಸು ಅಂದರೆ ಅದು ಭಾಷೆ ಮತ್ತು ಧೈರ್ಯದ ಪರೀಕ್ಷೆ ಆಗಿಬಿಡುತ್ತದೆ.

ಕಂಪನಿಗಳ ಕಷ್ಟವೂ ನಮಗೆ ಅರ್ಥವಾಗುತ್ತದೆ. ಒಂದು ಹುದ್ದೆಗೆ ನೂರಾರು ಅರ್ಜಿ ಬಂದರೆ ಸೋಸಲೇಬೇಕು. ಒಗಟು ಕಾಲೇಜಿನ ಹೆಸರು ನೋಡುವುದಿಲ್ಲ, ಮಾರ್ಕ್ಸ್ ನೋಡುವುದಿಲ್ಲ ಅನ್ನುವ ಮಾತಿನಲ್ಲಿ ಹುರುಳಿದೆ. ಆದರೆ ಒಗಟು ಕೇಳುತ್ತಿದ್ದ ಗೂಗಲ್‌ನಲ್ಲೇ ನೇಮಕಾತಿ ನೋಡಿಕೊಳ್ಳುತ್ತಿದ್ದ ಲಾಸ್ಲೋ ಬಾಕ್, ಇದರಿಂದ ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಅಂತ ತಿಳಿಯುವುದಿಲ್ಲ ಎಂದು 2013ರಲ್ಲಿ ಒಪ್ಪಿಕೊಂಡರು. 1998ರಲ್ಲಿ ಅಮೆರಿಕದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ನೇಮಕಾತಿ ಕುರಿತ 85 ವರ್ಷಗಳ ಸಂಶೋಧನೆಯನ್ನು ಒಟ್ಟಿಗೆ ತೂಗಿ ನೋಡಿದಾಗ, ಕೆಲಸದ ಒಂದು ತುಣುಕನ್ನೇ ಮಾಡಿಸಿ ನೋಡುವ ವಿಧಾನ ಮುಂದಿನ ಸಾಲಿನಲ್ಲಿತ್ತು. ಬುದ್ಧಿಶಕ್ತಿಯ ಪರೀಕ್ಷೆಯೂ ಅದೇ ಸಾಲಿನಲ್ಲಿತ್ತು ನಿಜ. ಆದರೆ ಅದರಲ್ಲಿ ಹತ್ತಾರು ಪ್ರಶ್ನೆಗಳಿರುತ್ತವೆ, ಒಂದು ಕುದುರೆ ಲೆಕ್ಕವಲ್ಲ.

ಹಾಗಾದರೆ ಏನು ಕೇಳಬೇಕು? ಹಾಲಿನ ಡೈರಿಯ ಬಟವಾಡೆ ಲೆಕ್ಕ ಕೊಡಿ. ಎಷ್ಟು ಲೀಟರ್, ಎಷ್ಟು ಫ್ಯಾಟ್, ಎಷ್ಟು ದರ, ಯಾರಿಗೆ ಎಷ್ಟು ಹಣ? ಆ ಪ್ರೋಗ್ರಾಂನಲ್ಲಿ ಒಂದು ತಪ್ಪು ಇಟ್ಟು, ಒಂದು ಗಂಟೆ ಮತ್ತು ಒಂದು ಕಂಪ್ಯೂಟರ್ ಕೊಟ್ಟು, ಹುಡುಕಿ ಸರಿಪಡಿಸಲು ಹೇಳಿ. ಫ್ಯಾಟ್ ಕಾಲಂ ಖಾಲಿ ಇದ್ದರೆ ಏನು ಮಾಡುತ್ತೀಯ ಅಂತ ಕೇಳಿ. ದಿನನಿತ್ಯದ ಕೆಲಸ ಇದೇ ತಾನೆ? ಬೇರೆಯವರು ಬರೆದದ್ದನ್ನು ಓದುವುದು, ತಪ್ಪು ಹಿಡಿಯುವುದು, ತಾಳ್ಮೆಯಿಂದ ಸರಿಮಾಡುವುದು.

ಇಂಟರ್‌ವ್ಯೂಗೆ ಹೊರಟ ತಮ್ಮ ತಂಗಿಯರಿಗೆ ಒಂದು ಮಾತು. ಪದ್ಧತಿ ಬದಲಾಗುವವರೆಗೆ ಒಗಟುಗಳನ್ನೂ ಒಮ್ಮೆ ನೋಡಿಕೊಂಡೇ ಹೋಗಿ. ಉತ್ತರ ಹೊಳೆಯದಿದ್ದರೆ ಸುಮ್ಮನೆ ಕೂರಬೇಡಿ, ಯೋಚನೆಯನ್ನು ಬಾಯಿಬಿಟ್ಟು ಹೇಳಿ. ಕನ್ನಡ ಬಲ್ಲವರು ಎದುರಿಗಿದ್ದರೆ ಕನ್ನಡದಲ್ಲಿ ವಿವರಿಸಬಹುದೇ ಎಂದು ಕೇಳಲು ನಾಚಬೇಡಿ.

ಅಪ್ಪ ಅಮ್ಮಂದಿರೇ, ಮಗಳೋ ಮಗನೋ ಕೆಂಪಾಪುರದಿಂದ ಫೋನ್ ಮಾಡಿ ಈ ಸಲವೂ ಆಗಲಿಲ್ಲ ಅಂದರೆ, ಓದು ವ್ಯರ್ಥವಾಯಿತು ಅಂದುಕೊಳ್ಳಬೇಡಿ. ಅವತ್ತು ಸೋತದ್ದು ಒಂದು ಒಗಟಿಗೆ ಇರಬಹುದು.