ಊರಿನ ಯೋಜನೆಯೂ ಹೋಟೆಲು ಕೆಲಸಗಾರನ ಮಾತೂ



ಒಂದು ಊರು ಮುಂದಿನ ಇಪ್ಪತ್ತು ವರ್ಷಗಳಲ್ಲಿ ಹೇಗೆ ಬೆಳೆಯಬೇಕು, ಕಾರಖಾನೆ ಎಲ್ಲಿ ಬರಬೇಕು, ರಸ್ತೆ ಎಲ್ಲಿ ಹಾಯಬೇಕು, ಪೇಟೆ ಎಲ್ಲಿ ಕೂಡಬೇಕು ಎಂಬುದನ್ನು ಗೊತ್ತುಮಾಡುವ ನಕ್ಷೆಗೆ ಮರಾಠಿಯಲ್ಲಿ ವಿಕಾಸ ಆರಾಖಡಾ ಎನ್ನುತ್ತಾರೆ. ಅದನ್ನು ಸ್ಥಿರಪಡಿಸುವ ಮೊದಲು ಪೌರರ ಅಭಿಪ್ರಾಯವನ್ನು ಕೇಳತಕ್ಕದ್ದೆಂದು ಕಾಯಿದೆಯೇ ಹೇಳುತ್ತದೆ. ಹಾಗೆ ಕೇಳಲ್ಪಡುವ ಪೌರರಲ್ಲಿ ಹೋಟೆಲಿನ ಕೆಲಸಗಾರನೂ ಸೇರಿದ್ದಾನೆಯೇ ಎಂಬುದು ನನ್ನ ಪ್ರಶ್ನೆ. ಸೇರಿಲ್ಲವಾದರೆ ತಪ್ಪು ಸರಕಾರದ್ದು ಎಷ್ಟು, ನಮ್ಮದು ಎಷ್ಟು ಎಂಬುದನ್ನೂ ವಿಚಾರ ಮಾಡಬೇಕು.

ಚಿಕಲಠಾಣಾ ಎಂದರೆ ಮುಂಬಯಿಯ ವಾಚಕರಲ್ಲಿ ಹಲವರಿಗೆ ಒಂದು ವಿಮಾನ ನಿಲ್ದಾಣದ ಹೆಸರು ಮಾತ್ರ. ಛತ್ರಪತಿ ಸಂಭಾಜಿನಗರದ, ಅಂದರೆ ಹಿಂದಿನ ಔರಂಗಾಬಾದಿನ, ಪೂರ್ವಕ್ಕೆ ಜಾಲ್ನಾ ರಸ್ತೆಯಲ್ಲಿರುವ ಊರಿದು. ಕನ್ನಡಿಗರಿಗೆ ಈ ಸೀಮೆ ಪರಕೀಯವೇನಲ್ಲ. ಹತ್ತಿರದ ವೇರೂಳಿನಲ್ಲಿ ಕೈಲಾಸ ದೇವಾಲಯವನ್ನು ಕಡೆಯಿಸಿದವನು ರಾಷ್ಟ್ರಕೂಟರ ಕೃಷ್ಣರಾಜ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ, ಗುಲಬರ್ಗಾ, ರಾಯಚೂರುಗಳೂ ಈ ಮರಾಠವಾಡವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಈಗ ನಮ್ಮವರು ಇಲ್ಲಿಗೆ ಬರುವುದು ರಾಜರ ಕಾಲದ ನಂಟಿನಿಂದಲ್ಲ, ಹೊಟ್ಟೆಪಾಡಿನಿಂದ.

1962ರಲ್ಲಿ ಮಹಾರಾಷ್ಟ್ರ ಔದ್ಯೋಗಿಕ ವಿಕಾಸ ಮಹಾಮಂಡಳ, ಅಂದರೆ ಎಂಐಡಿಸಿ, ಸ್ಥಾಪನೆಯಾಯಿತು. ಚಿಕಲಠಾಣಾದ ಕೈಗಾರಿಕಾ ವಸಾಹತು ಅದು ಬೆಳೆಸಿದ್ದು. 1985ರಲ್ಲಿ ವಾಳೂಜದಲ್ಲಿ ಬಜಾಜ್ ಕಾರಖಾನೆ ಆರಂಭವಾಯಿತು. ಈಗ ಶೇಂದ್ರಾ ಮತ್ತು ಬಿಡಕಿನಗಳಲ್ಲಿ ಸುಮಾರು 10,000 ಎಕರೆಯ ‘ಆರಿಕ್’ ಎಂಬ ಕೈಗಾರಿಕಾ ನಗರ ಏಳುತ್ತಿದೆ. ಅದರ ಮುಖ್ಯ ಕಚೇರಿಯ ಕಟ್ಟಡವನ್ನು ಪ್ರಧಾನಮಂತ್ರಿಗಳು 2019ರ ಸಪ್ಟೆಂಬರದಲ್ಲಿ ಉದ್ಘಾಟಿಸಿದರು. ನಮ್ಮ ಬಿಡದಿಯಲ್ಲಿ ಮೋಟಾರು ತಯಾರಿಸುವ ಟೊಯೋಟಾ ಕಿರ್ಲೋಸ್ಕರ್ ಕಂಪನಿ ಇಲ್ಲಿಯೂ ಸುಮಾರು 20,000 ಕೋಟಿ ರೂಪಾಯಿಯ ಕಾರಖಾನೆ ಹಾಕುವುದಾಗಿ 2024ರ ಜುಲೈಯಲ್ಲಿ ಸರಕಾರದೊಡನೆ ಒಡಂಬಡಿಕೆ ಮಾಡಿಕೊಂಡಿತು. ಇದೆಲ್ಲ ಸಂತೋಷದ ಸಂಗತಿಯೇ. ಕಾರಖಾನೆ ಬೇಡವೆನ್ನುವ ಕೆಲಸಗಾರನು ಇಲ್ಲ.

ಆದರೆ ಕಾರಖಾನೆ ಬಂದಲ್ಲಿ ಊಟದ ಮನೆ ಬರಲೇಬೇಕು. ಮೊದಲನೆಯ ಪಾಳಿಯವನಿಗೆ ಮುಂಜಾನೆಯೇ ಚಹಾ ಬೇಕು, ಎರಡನೆಯ ಪಾಳಿಯವನಿಗೆ ನಡುರಾತ್ರಿ ಊಟ ಬೇಕು. ಅದನ್ನು ಬೇಯಿಸುವವನು, ಬಡಿಸುವವನು, ತಟ್ಟೆ ತೊಳೆಯುವವನು ಎಲ್ಲಿ ಮಲಗಬೇಕು? ಯಂತ್ರಕ್ಕೆ ಇಷ್ಟು ಜಾಗ, ಲಾರಿಗೆ ಇಷ್ಟು ಜಾಗ ಎಂದು ನಕ್ಷೆಯಲ್ಲಿ ಅಳೆದು ಬಿಟ್ಟಿರುತ್ತಾರೆ. ಬೆಂಚುಗಳನ್ನು ಜೋಡಿಸಿ ಅವುಗಳ ಮೇಲೆ ಮಲಗುವವನಿಗೆ ಅಳತೆಯೇ ಇಲ್ಲ. ಅವನು ಲೆಕ್ಕದಲ್ಲಿಯೇ ಬಂದಿಲ್ಲ.

ಏಕೆ ಬಂದಿಲ್ಲವೆಂಬುದಕ್ಕೆ ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ನಾನು ಏಳನೆಯ ತರಗತಿ ಮುಗಿಸಿ ಹೋಟೆಲು ಸೇರಿದವನು. ಸಪ್ಲೈ ಕೆಲಸದಲ್ಲಿದ್ದಾಗ ಒಂದು ದಿನ ಊರಿನ ಅಭಿವೃದ್ಧಿಯ ಬಗ್ಗೆ ಅಭಿಪ್ರಾಯ ಕೇಳಲು ಇಬ್ಬರು ಹುಡುಗರು ಫಾರಮುಗಳನ್ನು ಹಿಡಿದು ಬಂದರು. ಗಲ್ಲಾದ ಮುಂದೆ ಕುಳಿತು ಮಾಲಕರನ್ನು ಅರ್ಧ ಗಂಟೆ ಪ್ರಶ್ನೆ ಕೇಳಿದರು. ವಾಹನ ನಿಲ್ಲಿಸಲು ಜಾಗ ಬೇಕು, ಹೊರಗಿನ ಕೈಗಾಡಿಗಳನ್ನು ತೆಗೆಸಬೇಕು ಎಂದು ಅವರು ಹೇಳಿದರು; ಹುಡುಗರು ಬರೆದುಕೊಂಡರು. ಆ ಹೋಟೆಲಿನಲ್ಲಿ ಹದಿನಾಲ್ಕು ಮಂದಿ ಕೆಲಸಕ್ಕಿದ್ದೆವು. ನಮ್ಮಲ್ಲಿ ಒಬ್ಬನನ್ನೂ ಕೇಳಲಿಲ್ಲ. ಮಾಲಕರು ಸುಳ್ಳು ಹೇಳಿದರೆಂದಲ್ಲ. ಅವರು ತಮಗೆ ಬೇಕಾದುದನ್ನು ಹೇಳಿದರು, ಅದು ಅವರ ಹಕ್ಕು. ಆದರೆ ಕಾಗದದಲ್ಲಿ ಅದು ಹೋಟೆಲಿನವರ ಅಭಿಪ್ರಾಯವೆಂದಾಯಿತು. ಹದಿನಾಲ್ಕು ಜನ ಆ ಒಂದು ಹಾಳೆಯಲ್ಲಿ ಕರಗಿಹೋದರು.

ನಮ್ಮ ಕನ್ನಡ ಸಂಘಗಳಲ್ಲಿ ಇದನ್ನು ಬಾಯಿ ಬಿಟ್ಟು ಹೇಳಲು ಸಂಕೋಚಪಡುತ್ತಾರೆ. ಮಾಲಕನೂ ಕನ್ನಡದವನು, ಕೆಲಸಗಾರನೂ ಕನ್ನಡದವನು. ಭಾಷೆ ಒಂದೇ ಆದುದರಿಂದ ಬೇಡಿಕೆಯೂ ಒಂದೇ ಎಂದು ತಿಳಿಯುತ್ತಾರೆ. ಗಣೇಶೋತ್ಸವದಲ್ಲಿ, ರಾಜ್ಯೋತ್ಸವದಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣೋಣ, ಅದು ಒಳ್ಳೆಯದೇ. ಊರಿನ ನಕ್ಷೆಯ ವಿಷಯದಲ್ಲಿ ಮಾತ್ರ ಇಬ್ಬರ ಹಿತವೂ ಎಲ್ಲ ಕಡೆಯಲ್ಲಿಯೂ ಕೂಡುವುದಿಲ್ಲ. ಕೈಗಾಡಿಯನ್ನು ಎಬ್ಬಿಸಿರೆಂದು ಮಾಲಕನು ಸಹಿ ಮಾಡಬಹುದು. ರಜೆಯ ದಿನ ಆ ಗಾಡಿಯಲ್ಲಿಯೇ ತಿನ್ನುವವನು, ನಾಳೆ ಕೆಲಸ ಬಿಟ್ಟರೆ ಅಂಥದೇ ಗಾಡಿ ಇಡಬೇಕಾದವನು, ಅದಕ್ಕೆ ಸಹಿ ಹಾಕುವ ಮೊದಲು ಎರಡು ಸಲ ಯೋಚಿಸಬೇಕು.

ಇನ್ನು ಕಾಯಿದೆ ಏನು ಹೇಳುತ್ತದೆಂದು ನೋಡೋಣ. ಮಹಾರಾಷ್ಟ್ರದ 1966ರ ಪ್ರಾದೇಶಿಕ ಮತ್ತು ನಗರ ರಚನಾ ಕಾಯಿದೆಯ 26ನೆಯ ಕಲಮಿನಂತೆ ಕರಡು ನಕ್ಷೆಯನ್ನು ಪ್ರಕಟಿಸಿ, ಗೊತ್ತಾದ ಅವಧಿಯೊಳಗೆ ಆಕ್ಷೇಪಣೆ ಮತ್ತು ಸೂಚನೆಗಳನ್ನು ಕೇಳಬೇಕು. ಸೂಚನೆ ಕೊಡುವವನಿಗೆ ಸ್ವಂತ ಮನೆ ಇರಬೇಕು, ಹೊಲ ಇರಬೇಕು ಎಂಬ ಶರ್ತವಿಲ್ಲ. 28ನೆಯ ಕಲಮಿನಂತೆ ಬಂದ ಅರ್ಜಿಗಳನ್ನು ಒಂದು ಸಮಿತಿ ವಿಚಾರಿಸಬೇಕು. ಅರ್ಜಿದಾರನು ಬಯಸಿ ಕೇಳಿಕೊಂಡಿದ್ದರೆ ಅವನ ಮಾತನ್ನು ಖುದ್ದಾಗಿ ಕೇಳಬೇಕು. ಕೇಳಿಕೊಂಡಿದ್ದರೆ ಎಂಬುದು ಮುಖ್ಯ. ನನ್ನನ್ನು ಖುದ್ದಾಗಿ ವಿಚಾರಿಸಬೇಕು ಎಂಬ ಒಂದು ಸಾಲನ್ನು ಅರ್ಜಿಯಲ್ಲಿ ಬರೆಯದವನಿಗೆ ಕರೆ ಬರಬೇಕೆಂದಿಲ್ಲ.

ಈ ನಗರದ ಕರಡು ನಕ್ಷೆ 2024ರ ಮಾರ್ಚಿಯಲ್ಲಿ ಪ್ರಕಟವಾಯಿತು. ಆ ಕಾಲಕ್ಕೆ ಮಹಾನಗರಪಾಲಿಕೆಯಲ್ಲಿ ಚುನಾಯಿತ ನಗರಸೇವಕನು ಒಬ್ಬನೂ ಇರಲಿಲ್ಲ. 2020ರ ಏಪ್ರಿಲಿನಲ್ಲಿ ಹಿಂದಿನ ಸಭೆಯ ಅವಧಿ ಮುಗಿದು, ಆಡಳಿತಾಧಿಕಾರಿಯ ಕೈಯಲ್ಲಿ ಕಾರಭಾರ ನಡೆದಿತ್ತು. ಇಂಥ ವೇಳೆಯಲ್ಲಿ ಪೌರನಿಗೆ ಉಳಿದ ಬಾಯಿ ಅವನ ಅರ್ಜಿಯೊಂದೇ. ಜಮೀನುಳ್ಳವರು, ಬಿಲ್ಡರರು ವಕೀಲರನ್ನು ಹಿಡಿದು ಅರ್ಜಿ ಬರೆಯಿಸುತ್ತಾರೆ. ಒಂದು ಗೆರೆ ಈಚೆಗೆ ಸರಿದರೆ ಅವರಿಗೆ ಲಕ್ಷಗಳ ನಷ್ಟ, ಆಚೆಗೆ ಸರಿದರೆ ಲಕ್ಷಗಳ ಲಾಭ. ದಿನಕ್ಕೆ ಹನ್ನೆರಡು ಗಂಟೆ ದುಡಿಯುವವನು ಕಚೇರಿ ತೆರೆದಿರುವ ಹೊತ್ತಿನಲ್ಲಿ ನಕ್ಷೆ ನೋಡಲು ಹೋಗುವುದು ಹೇಗೆ? ಹೋದರೂ ಆ ಬಣ್ಣಗಳ ಅರ್ಥವನ್ನು ಅವನಿಗೆ ತಿಳಿಸುವವರು ಯಾರು?

ಅರ್ಜಿ ಬರೆದು ಏನು ಪ್ರಯೋಜನವೆಂದು ಕೇಳುವವರಿಗೆ ನಿಮ್ಮ ಮುಂಬಯಿಯೇ ಉತ್ತರ. 2015ರ ಫೆಬ್ರವರಿಯಲ್ಲಿ ಪ್ರಕಟವಾದ ಮುಂಬಯಿಯ ಕರಡು ಯೋಜನೆಗೆ ಹತ್ತಾರು ಸಾವಿರ ಆಕ್ಷೇಪಣೆಗಳು ಬಂದವು. ಏಪ್ರಿಲಿನಲ್ಲಿಯೇ ಮುಖ್ಯಮಂತ್ರಿಗಳು ಅದನ್ನು ರದ್ದುಮಾಡಿ ಹೊಸದಾಗಿ ತಯಾರಿಸಲು ಹೇಳಬೇಕಾಯಿತು. ತಿದ್ದಿದ ಕರಡು 2016ರಲ್ಲಿ ಬಂದು 2018ರಲ್ಲಿ ಮಂಜೂರಾಯಿತು. ಮನೆಯಿಲ್ಲದವರ ಆಸರೆ, ದುಡಿಯುವ ಹೆಂಗಸರ ವಸತಿ, ಆಧಾರ ಕೇಂದ್ರ ಮುಂತಾದವುಗಳಿಗೆ ಆ ಯೋಜನೆಯಲ್ಲಿ ಜಾಗ ದೊರೆಯಿತು. ಬಡವರ ವಸತಿಗಳಲ್ಲಿಯೂ ಕೆಲಸಗಾರರ ನಡುವೆಯೂ ಸಭೆ ಕೂಡಿಸಿ ವರ್ಷಗಟ್ಟಲೆ ಬೇಡಿಕೆ ಬರೆದವರ ಶ್ರಮ ಅದರ ಹಿಂದೆ ಇದೆ. ಪುಣೆಯ ಪಾಲಿಕೆ 2006ರಿಂದ ತನ್ನ ಮುಂಗಡಪತ್ರಕ್ಕೆ ವಾರ್ಡಿನ ಜನರಿಂದ ಕೆಲಸಗಳ ಸೂಚನೆ ಪಡೆಯತೊಡಗಿತು. ಕೇರಳದಲ್ಲಿ 1996ರಲ್ಲಿ ಜನಕೀಯ ಯೋಜನೆ ಹೂಡಿದಾಗ ರಾಜ್ಯದ ಯೋಜನೆಯ ಹಣದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚನ್ನು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟು, ಗ್ರಾಮಸಭೆಗಳಲ್ಲಿ ಜನರನ್ನು ಕೂಡಿಸಿ ಕೇಳಿದರು. 2014ರ ಬೀದಿ ವ್ಯಾಪಾರಿಗಳ ಕಾಯಿದೆಯಂತೂ ಊರಿನ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದ ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದು ಪಾಲು ಹೆಂಗಸರಿರಬೇಕು ಎಂದು ವಿಧಿಸಿದೆ. ಬೀದಿಯ ವ್ಯಾಪಾರಿಗೆ ಸಿಕ್ಕಿದ ಈ ಕುರ್ಚಿ ಹೋಟೆಲಿನ ಕೆಲಸಗಾರನಿಗೆ ಇನ್ನೂ ಎಲ್ಲಿಯೂ ಸಿಕ್ಕಿಲ್ಲ.

ನಗರ ರಚನೆ ತಜ್ಞರ ಕೆಲಸ, ಅನಕ್ಷರಸ್ಥರಿಗೆ ಅದರಲ್ಲಿ ಏನು ತಿಳಿಯುತ್ತದೆ ಎಂದು ಕೆಲವರು ಹೇಳುವರು. ರಸ್ತೆ ಎಷ್ಟು ಅಗಲ ಬೇಕೆಂಬುದು ತಜ್ಞನಿಗೆ ಗೊತ್ತು, ಒಪ್ಪೋಣ. ರಾತ್ರಿ ಹನ್ನೊಂದೂವರೆಗೆ ಕೆಲಸ ಮುಗಿದ ಹೆಂಗಸು ಆ ರಸ್ತೆಯಲ್ಲಿ ಯಾವ ದೀಪದಿಂದ ಯಾವ ದೀಪದವರೆಗೆ ಓಡುತ್ತಾಳೆಂಬುದು ಅವಳಿಗೇ ಗೊತ್ತು. ಎರಡೂ ತಿಳಿವಳಿಕೆ ಬೇಕು. ಜಾಯಕವಾಡಿಯಂಥ ದೊಡ್ಡ ಅಣೆಕಟ್ಟು ಪೈಠಣದಲ್ಲಿದ್ದರೂ ಈ ಊರು ಹಲವು ದಿನಕ್ಕೊಮ್ಮೆ ನಲ್ಲಿ ನೀರು ಕಂಡ ಕಾಲವನ್ನು ವರ್ಷಗಟ್ಟಲೆ ಅನುಭವಿಸಿತು. ನೀರಿಲ್ಲದ ದಿನ ಹೋಟೆಲಿನ ಪಾತ್ರೆ ಹೇಗೆ ತೊಳೆಯುತ್ತೇವೆ, ನಾವು ಎಲ್ಲಿ ಸ್ನಾನ ಮಾಡುತ್ತೇವೆ ಎಂಬುದನ್ನು ಯಾವ ತಜ್ಞನೂ ಕಚೇರಿಯಲ್ಲಿ ಕುಳಿತು ಹೇಳಲಾರನು.

ಇನ್ನೊಂದು ಮಾತನ್ನು ನಮ್ಮವರೇ ಹೇಳುತ್ತಾರೆ: ಇದು ನಮ್ಮ ಊರಲ್ಲ, ನಮಗೇಕೆ ಈ ಉಸಾಬರಿ? ವರ್ಷದಲ್ಲಿ ಹನ್ನೊಂದು ತಿಂಗಳು ದುಡಿಯುವ ಊರು ನಮ್ಮದಲ್ಲವೆಂದರೆ, ಹಬ್ಬಕ್ಕೆ ಹೋಗಿ ಬರುವ ಊರೊಂದೇ ನಮ್ಮದೇ? ಇಲ್ಲಿಯ ಮರಾಠಿ ಕೆಲಸಗಾರನೂ ಬಿಹಾರದಿಂದ ಬಂದ ಹುಡುಗನೂ ಅದೇ ಬೆಂಚಿನ ಮೇಲೆ ಮಲಗುತ್ತಾರೆ. ಅವರನ್ನು ಬಿಟ್ಟು ಕನ್ನಡಿಗರ ಪ್ರತ್ಯೇಕ ಬೇಡಿಕೆಯೆಂದು ಬರೆದರೆ ಅದಕ್ಕೆ ಬಲವೂ ಇಲ್ಲ, ನ್ಯಾಯವೂ ಇಲ್ಲ.

ಆದುದರಿಂದ ಸಂಘಗಳು ಮಾಡತಕ್ಕ ಕೆಲಸವನ್ನು ಸ್ಪಷ್ಟವಾಗಿ ಹೇಳುತ್ತೇನೆ. ಮೊದಲನೆಯದು, ನಕ್ಷೆ ಪ್ರಕಟವಾಗುವ ತನಕ ಕಾಯಬಾರದು. ಗಡುವು ಕೆಲವು ವಾರಗಳದ್ದು. ಅಷ್ಟರಲ್ಲಿ ಜನರನ್ನು ಕೂಡಿಸಲಾಗುವುದಿಲ್ಲ. ಎರಡನೆಯದು, ಹೋಟೆಲಿನ ಬಾಗಿಲು ಎಳೆದ ಮೇಲೆ, ಅಥವಾ ವಾರದ ರಜೆಯ ದಿನ, ನಾವೇ ಕೆಲಸಗಾರನಿದ್ದಲ್ಲಿಗೆ ಹೋಗಬೇಕು. ಮೂರನೆಯದು, ಹೌದು ಅಲ್ಲವೆಂದು ಗುರುತು ಹಾಕುವ ಫಾರಮು ಬೇಡ. ಎಲ್ಲಿ ಮಲಗುತ್ತೀ, ಕೆಲಸಕ್ಕೆ ಹೇಗೆ ಬರುತ್ತೀ, ಕಾಯಿಲೆ ಬಿದ್ದರೆ ಎಲ್ಲಿಗೆ ಹೋಗುತ್ತೀ, ಹೆಂಡತಿ ಮಕ್ಕಳನ್ನು ಕರೆತರಲು ಏನು ಅಡ್ಡಿ, ಈ ನಾಲ್ಕು ಪ್ರಶ್ನೆ ಸಾಕು. ಅವನು ಹೇಳಿದ್ದನ್ನು ಬರೆದು, ಅವನಿಗೇ ಓದಿ ಹೇಳಿ, ಸಹಿಯನ್ನೋ ಹೆಬ್ಬೆಟ್ಟನ್ನೋ ಪಡೆಯಬೇಕು. ಹೆಸರು ಹೇಳಲು ಹೆದರುವವನ ಮಾತನ್ನು ಸಂಘದ ಹೆಸರಿನಲ್ಲಿ ಕೊಡಬೇಕು. ನಾಲ್ಕನೆಯದು, ಅರ್ಜಿ ಮರಾಠಿಯಲ್ಲಿರಬೇಕು, ಕಚೇರಿಯಿಂದ ಪೋಚು ಪಡೆಯಬೇಕು, ಪ್ರತಿಯನ್ನು ಇಟ್ಟುಕೊಳ್ಳಬೇಕು. ಐದನೆಯದು, ಕೊನೆಗೆ ಯಾವುದು ಒಪ್ಪಿಗೆಯಾಯಿತು, ಯಾವುದು ಬಿತ್ತು ಎಂಬುದನ್ನು ಹೇಳಿದವನಿಗೆ ತಿಳಿಸಬೇಕು. ಕೇಳಿ ಹೋದವರು ತಿರುಗಿ ಬಾರದಿದ್ದರೆ ಮುಂದಿನ ಸಲ ಅವನು ಬಾಯಿ ಬಿಡುವುದಿಲ್ಲ.

ಒಂದು ತೊಡಕನ್ನೂ ಮರೆಯಬಾರದು. ಶೇಂದ್ರಾದ ಹೊಸ ನಗರ ಒಂದು ಸಂಸ್ಥೆಯ ಕೈಯಲ್ಲಿದೆ, ಊರು ಪಾಲಿಕೆಯ ಕೈಯಲ್ಲಿದೆ, ಕೈಗಾರಿಕಾ ವಸಾಹತು ಎಂಐಡಿಸಿಯ ಕೈಯಲ್ಲಿದೆ. ಒಬ್ಬರ ಸರಹದ್ದಿನಲ್ಲಿ ದುಡಿದು ಇನ್ನೊಬ್ಬರ ಸರಹದ್ದಿನಲ್ಲಿ ಮಲಗುವ ಕೆಲಸಗಾರನನ್ನು ಇಬ್ಬರೂ ತಮ್ಮವನಲ್ಲವೆನ್ನಬಹುದು. ಅದಕ್ಕಾಗಿ ಒಂದೇ ಬೇಡಿಕೆಯ ಪ್ರತಿಯನ್ನು ಮೂರು ಕಡೆಗೂ ಕೊಡಬೇಕು.

ಇಲ್ಲಿ ನಾವು ಕೆಲವರು ಈ ಕೆಲಸ ತೊಡಗಿದ್ದೇವೆ. ನಮ್ಮಲ್ಲಿ ಮಾತಾಡುವವರು ಇದ್ದಾರೆ, ಶುದ್ಧವಾಗಿ ಮರಾಠಿ ಬರೆಯುವವರು ಕಡಿಮೆ. ಮುಂಬಯಿಯ ಸಂಘದಲ್ಲಿ ರಾತ್ರಿಶಾಲೆ ಓದಿ ಗುಮಾಸ್ತರಾದವರು ಬಹಳ ಮಂದಿ ಇದ್ದೀರಿ. ತಿಂಗಳಿಗೆ ಎರಡು ಭಾನುವಾರ ಬಂದು ಬರೆದುಕೊಡುವ ಇಬ್ಬರು ಸಿಕ್ಕಿದರೆ ಸಾಕು. ಬರುವವರಿಗೆ ಊಟಕ್ಕೂ ಮಲಗುವುದಕ್ಕೂ ನಾವು ಏರ್ಪಾಡು ಮಾಡುತ್ತೇವೆ.